ಉಗುರಿನ ಕೆಲಸ, ಕೊಡಲಿಯ ಕೆಲಸ

ಇಪ್ಪತ್ತು ವರ್ಷ ದಾಟಿದ, ಲಕ್ಷ ಮೈಲಿ ಓಡಿದ ಸ್ಪೋರ್ಟ್ಸ್ ಕಾರು ಈಗ ಸಂಬಳದಾರನ ಕೈಗೂ ಎಟುಕುತ್ತದೆ. ಕೊಳ್ಳುವುದು ಒಂದು ದಿನದ ಕೆಲಸ. ಉಳಿಸಿಕೊಳ್ಳುವುದು ವರ್ಷವಿಡೀ ಹಿಡಿಯಬೇಕಾದ ವ್ರತ.

ಆಯಿಲ್ ಬದಲಿಸಿದ ದಿನ ಹಳೆಯ ಫಿಲ್ಟರನ್ನು ನಾನು ಬಿಸಾಡುವುದಿಲ್ಲ. ಒಂದು ರಾತ್ರಿ ಜಾಲರಿಯ ಮೇಲಿಟ್ಟು ಎಣ್ಣೆ ಬಸಿಯಲು ಬಿಡುತ್ತೇನೆ. ಮಾರನೆಯ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದು, ಬಿಸಿಲು ಬೀಳುವ ಕಡೆ ಹಳೆಯ ಪತ್ರಿಕೆ ಹಾಸಿ, ಫಿಲ್ಟರಿನ ಎರಡೂ ತುದಿಯ ಬಿಲ್ಲೆಗಳನ್ನು ಚೂರಿಯಿಂದ ಬಿಡಿಸಿ, ಮಡಿಕೆ ಮಡಿಕೆಯಾಗಿರುವ ಒಳಗಿನ ಕಾಗದವನ್ನು ಹಳೆಯ ಪಂಚಾಂಗದ ಪುಟ ಬಿಡಿಸುವ ಹಾಗೆ ಮೆಲ್ಲಗೆ ತೆರೆಯುತ್ತೇನೆ. ಒಂದೊಂದು ಮಡಿಕೆಯ ಮೇಲೂ ಟಾರ್ಚಿನ ಬೆಳಕು ಓರೆಯಾಗಿ ಬೀಳಬೇಕು. ಕಪ್ಪು ಎಣ್ಣೆಯ ನಡುವೆ ಬೆಳ್ಳಿಯ ಹುಡಿಯಂಥದ್ದೇನಾದರೂ ಮಿನುಗಿದರೆ ಎದೆ ಝಲ್ಲೆನ್ನುತ್ತದೆ. ಆಗ ಪುಟ್ಟ ಅಯಸ್ಕಾಂತವನ್ನು ಹತ್ತಿರ ಹಿಡಿದು ನೋಡುತ್ತೇನೆ. ಅಂಟಿಕೊಂಡರೆ ಅದು ಉಕ್ಕು; ಎಂಜಿನ್ನಿನೊಳಗೆ ಯಾವುದೋ ಬೇರಿಂಗೋ ಚೈನೋ ಸವೆಯುತ್ತಿದೆ. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು. ಪ್ಲಾಸ್ಟಿಕ್ಕಿನ ಚೂರು ಸಿಕ್ಕರೆ ಟೈಮಿಂಗ್ ಚೈನು ಉಜ್ಜಿಕೊಂಡು ಓಡುವ ಪಟ್ಟಿಗಳತ್ತ ಗಮನ ಹರಿಸಬೇಕು. ಎಂಜಿನ್ ಬಿಚ್ಚದೆಯೇ ಅದರ ಹೊಟ್ಟೆಯೊಳಗಿನ ಸುದ್ದಿ ತಿಳಿಸುವ ಕಾಗದ ಇದು.

ನನ್ನದು 2001ರ ಪೋರ್ಷೆ ಬಾಕ್ಸ್‌ಸ್ಟರ್. ಎರಡೇ ಸೀಟು, ಬಟ್ಟೆಯ ಚಾವಣಿ, ಬೆನ್ನ ಹಿಂದೆಯೇ ಆರು ಸಿಲಿಂಡರಿನ ಎಂಜಿನ್. ನ್ಯೂಜೆರ್ಸಿಯ ಈ ಮನೆಗೆ ಬಂದಾಗ ಅದು 1,12,000 ಮೈಲಿ, ಎಂದರೆ ಸುಮಾರು 1,80,000 ಕಿಲೋಮೀಟರ್ ಓಡಿತ್ತು. ಅದರ ಜೊತೆ ಬಾಳಿದ ವರ್ಷಗಳಲ್ಲಿ ಮನದಟ್ಟಾದ ಸಂಗತಿ ಒಂದೇ. ಹಳೆಯ ಕಾರಿನಲ್ಲಿ ದುಬಾರಿ ಭಾಗಗಳು ತಾವಾಗಿ ಸಾಯುವುದು ಅಪರೂಪ. ಪಕ್ಕದಲ್ಲಿರುವ ಅಗ್ಗದ ಭಾಗವೊಂದು ಮೊದಲು ಸಾಯುತ್ತದೆ. ಯಾರೂ ಗಮನಿಸದೆ ಹೋದರೆ ದುಬಾರಿಯದನ್ನೂ ಜೊತೆಗೆ ಕರೆದೊಯ್ಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ಹಿರಿಯರು ಕೇಳಿದ ಪ್ರಶ್ನೆಗೆ ಈ ಕಾರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಳಿದ ಬೆಲೆ, ಇಳಿಯದ ಖರ್ಚು

ಬಾಕ್ಸ್‌ಸ್ಟರ್ ಹುಟ್ಟಿದ್ದೇ ಕಷ್ಟಕಾಲದಲ್ಲಿ. 1990ರ ದಶಕದ ಮೊದಲ ವರ್ಷಗಳಲ್ಲಿ ಪೋರ್ಷೆ ಕಂಪನಿಯ ಮಾರಾಟ ಕುಸಿದು, ಅದು ಸ್ವತಂತ್ರವಾಗಿ ಉಳಿಯುವುದೇ ಅನುಮಾನ ಎನ್ನುವ ಸ್ಥಿತಿ ಬಂದಿತ್ತು. 1993ರ ಜನವರಿಯಲ್ಲಿ ಡೆಟ್ರಾಯಿಟ್ ಮೋಟಾರು ಪ್ರದರ್ಶನದಲ್ಲಿ ಈ ಕಾರಿನ ಮಾದರಿಯನ್ನಿಟ್ಟಾಗ ಜನ ಮುಗಿಬಿದ್ದರು. ಆಗ ಕಂಪನಿಯ ಚುಕ್ಕಾಣಿ ಹಿಡಿದಿದ್ದ ವೆಂಡೆಲಿನ್ ವೀಡೆಕಿಂಗ್, ಟೊಯೋಟಾದ ಉತ್ಪಾದನಾ ಪದ್ಧತಿ ಬಲ್ಲ ಜಪಾನಿನ ಸಲಹೆಗಾರರನ್ನು ಕರೆಸಿ ಕಾರ್ಖಾನೆಯ ದುಂದನ್ನು ತಗ್ಗಿಸಿದರು. 1996ರಲ್ಲಿ ಕಾರು ಮಾರುಕಟ್ಟೆಗೆ ಬಂತು. ಬೇಡಿಕೆ ಎಷ್ಟಿತ್ತೆಂದರೆ ಜರ್ಮನಿಯ ಕಾರ್ಖಾನೆಯ ಜೊತೆಗೆ ಫಿನ್ಲೆಂಡಿನ ವಾಲ್ಮೆಟ್ ಕಾರ್ಖಾನೆಯಲ್ಲೂ ತಯಾರಿ ಶುರುವಾಯಿತು. 2004ರವರೆಗೆ ನಡೆದ ಈ ಮೊದಲ ಪೀಳಿಗೆಯನ್ನು ಬಲ್ಲವರು ಅದರ ಒಳಸಂಕೇತದಿಂದಲೇ ಕರೆಯುತ್ತಾರೆ: 986.

ಹೊಸದಾಗಿದ್ದಾಗ ಅಮೆರಿಕದಲ್ಲಿ ಇದರ ಬೆಲೆ ಸುಮಾರು 40 ಸಾವಿರ ಡಾಲರಿನಿಂದ ಶುರುವಾಗುತ್ತಿತ್ತು. ಇಂದು ಹೆಚ್ಚು ಓಡಿದ 986 ಒಂದು ಹೊಸ ಸಾಧಾರಣ ಕಾರಿನ ಅರ್ಧ ಬೆಲೆಗೂ ಸಿಗುತ್ತದೆ. ಆಸೆ ಹುಟ್ಟುವುದೂ ಅಲ್ಲೇ, ಎಡವುವುದೂ ಅಲ್ಲೇ. ಕಾಲ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗದ ಬೆಲೆ, ಮೆಕ್ಯಾನಿಕ್ಕಿನ ಗಂಟೆಯ ಕೂಲಿ ಇಳಿಯುವುದಿಲ್ಲ. ಕಾರು ಎಷ್ಟೇ ಅಗ್ಗವಾದರೂ ಅದರ ಕ್ಲಚ್ಚು ಪೋರ್ಷೆಯ ಕ್ಲಚ್ಚೇ. ಹಾಗಾಗಿ ಕೊಳ್ಳುವ ಹೊತ್ತಿನಲ್ಲೇ ಹಣವನ್ನು ಎರಡು ಪಾಲು ಮಾಡಬೇಕು. ಒಂದು ಪಾಲು ಮಾರುವವನಿಗೆ, ಇನ್ನೊಂದು ಪಾಲು ಮೊದಲ ವರ್ಷದ ದುರಸ್ತಿಗೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಬಾರದು.

ಕೊಳ್ಳುವ ಮೊದಲು ನಾನು ಕಾರಿನ ಹೊಳಪಿಗಿಂತ ಹೆಚ್ಚು ನೋಡಿದ್ದು ಹಿಂದಿನ ಮಾಲೀಕರು ಕೊಟ್ಟ ಒಂದು ರಟ್ಟಿನ ಕಡತವನ್ನು. ಪ್ರತಿ ಆಯಿಲ್ ಬದಲಾವಣೆ, ಪ್ರತಿ ಟೈರು, ಪ್ರತಿ ಬ್ಯಾಟರಿಯ ರಸೀದಿ ತಾರೀಕಿನ ಸಮೇತ ಅದರಲ್ಲಿತ್ತು. ಲಕ್ಷ ಮೈಲಿ ಓಡಿಯೂ ಕಾಗದಪತ್ರ ನೆಟ್ಟಗಿರುವ ಕಾರನ್ನು, ಮೂವತ್ತು ಸಾವಿರ ಮೈಲಿ ಮಾತ್ರ ಓಡಿ ಮೂಲೆಯಲ್ಲಿ ನಿಂತೇ ಕಾಲ ಕಳೆದ ಕಾರಿಗಿಂತ ಹೆಚ್ಚು ನಂಬಬಹುದು. ನಿಂತ ಕಾರಿನಲ್ಲಿ ಸೀಲುಗಳು ಒಣಗುತ್ತವೆ, ಎಣ್ಣೆಯಲ್ಲಿ ತೇವ ಸೇರುತ್ತದೆ. ಕಾರಿಗೆ ಓಟವೇ ಒಂದು ಆರೈಕೆ.

ಬೇರಿಂಗ್ ಒಂದರ ಕಥೆ

ಈ ಕಾರಿನ ಮಾತು ಬಂದಲ್ಲೆಲ್ಲ ಮೂರು ಅಕ್ಷರ ಕೇಳಿಬರುತ್ತವೆ: ಐಎಂಎಸ್. ಎಂಜಿನ್ನಿನ ನಡುವೆ ಹಾದುಹೋಗುವ ಒಂದು ನಡುದಂಡದ ಹೆಸರು ಅದು. ಕ್ರ್ಯಾಂಕ್‌ಶಾಫ್ಟ್ ಚೈನಿನ ಮೂಲಕ ಈ ದಂಡವನ್ನು ತಿರುಗಿಸುತ್ತದೆ. ದಂಡ ಬೇರೆ ಚೈನುಗಳ ಮೂಲಕ ಎಡಬಲದ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುತ್ತದೆ. ವಾಲ್ವುಗಳು ಯಾವ ಗಳಿಗೆಗೆ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ತಾಳವೆಲ್ಲ ಇದರ ಮೇಲೆ ನಿಂತಿದೆ. ಕ್ಲಚ್ಚಿನ ಕಡೆಯ ತುದಿಯಲ್ಲಿ ಈ ದಂಡವನ್ನು ಹೊತ್ತಿರುವುದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಬಾಲ್ ಬೇರಿಂಗ್. ಅದರೊಳಗೆ ಗ್ರೀಸು ತುಂಬಿ ಎರಡೂ ಬದಿಗೆ ಸೀಲು ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಸೀಲು ಸಡಿಲಾಗಿ ಎಂಜಿನ್ ಆಯಿಲ್ ಒಳಗೆ ನುಗ್ಗುತ್ತದೆ, ಗ್ರೀಸು ತೊಳೆದುಹೋಗುತ್ತದೆ. ಆಯಿಲ್ಲಿನೊಡನೆ ಬಂದ ಕೊಳೆ ಅಲ್ಲೇ ಕೂರುತ್ತದೆ. ಒಂದು ದಿನ ಗುಂಡುಗಳು ಸವೆದು ಬೇರಿಂಗ್ ಒಡೆದರೆ ದಂಡ ಓಲಾಡುತ್ತದೆ, ಚೈನಿನ ತಾಳ ತಪ್ಪುತ್ತದೆ, ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಎಂಜಿನ್ ಮುಗಿದಂತೆ.

ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. 2000ದ ಆಸುಪಾಸಿನಲ್ಲಿ ಒಂದೇ ಸಾಲಿನದು ಬಂತು, ತೊಂದರೆ ಹೆಚ್ಚಾಗಿ ಕಂಡಿದ್ದು ಇದರಲ್ಲಿ. ವಿಷಯ ಅಮೆರಿಕದ ನ್ಯಾಯಾಲಯದವರೆಗೂ ಹೋಗಿ, 2001ರಿಂದ 2005ರ ನಡುವೆ ತಯಾರಾದ ಕಾರುಗಳ ಮಾಲೀಕರ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. 2009ರ ಮಾದರಿಗೆ ಬಂದ ಹೊಸ ಎಂಜಿನ್ನಿನಲ್ಲಿ ಆ ನಡುದಂಡವನ್ನೇ ತೆಗೆದುಹಾಕಿದರು. ಇದನ್ನು ಹೇಳುವುದು ಹೆದರಿಸಲಿಕ್ಕಲ್ಲ. ಹೆಚ್ಚಿನ ಕಾರುಗಳಲ್ಲಿ ಈ ಬೇರಿಂಗ್ ಒಡೆಯದೆಯೇ ಎಂಜಿನ್ ಓಡುತ್ತಿದೆ. ಆದರೆ ಒಡೆದರೆ ಹೋಗುವುದು ಕಾರಿನ ಇಡೀ ಬೆಲೆ. ಆದ್ದರಿಂದ ಇದನ್ನು ಅದೃಷ್ಟಕ್ಕೆ ಬಿಡಬಾರದು.

ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ಚು, ಫ್ಲೈವೀಲ್ ಬಿಚ್ಚಬೇಕು. ಕೆಲಸದ ಖರ್ಚಿನ ಬಹುಪಾಲು ಈ ಬಿಚ್ಚಿ ಜೋಡಿಸುವುದಕ್ಕೇ ಹೋಗುತ್ತದೆ. ಜಾಣತನ ಇರುವುದು ಕೆಲಸಗಳನ್ನು ಕೂಡಿಸುವುದರಲ್ಲಿ. ಕ್ಲಚ್ಚು ಸವೆದು ಹೇಗೂ ಗೇರ್‌ಬಾಕ್ಸ್ ಇಳಿಸುವ ದಿನವೇ ಈ ಬೇರಿಂಗ್ ಹೊಸದಾಗಲಿ, ಅಲ್ಲೇ ಎದುರಿಗಿರುವ ಕ್ರ್ಯಾಂಕ್‌ಶಾಫ್ಟ್ ಹಿಂಬದಿಯ ಸೀಲೂ ಹೊಸದಾಗಲಿ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಲ್ಲಿ ಎಣ್ಣೆಯ ಹನಿ ತೂಗುತ್ತಿದ್ದರೆ ಹೆಚ್ಚಾಗಿ ಆ ಸೀಲಿನದೇ ಕೆಲಸ. ನನ್ನ ಕಾರಿಗೆ ಮಾಡಿಸಿದ್ದೂ ಹೀಗೇ. ಹಳೆಯ ಬೇರಿಂಗನ್ನು ಕೇಳಿ ಮನೆಗೆ ತಂದೆ. ಬೆರಳಿಗೆ ಸಿಕ್ಕಿಸಿ ತಿರುಗಿಸಿದಾಗ ಒಂದು ಕಡೆ ಸಣ್ಣಗೆ ತೊಡರುತ್ತಿತ್ತು. ಮುಂದಿನ ಬೇಸಿಗೆಗೆ ಅದು ಏನಾಗುತ್ತಿತ್ತೋ ಯಾರು ಹೇಳಬಲ್ಲರು? ಈಗ ಅದು ನನ್ನ ಮೇಜಿನ ಮೇಲೆ ಕಾಗದದ ಮೇಲಿಡುವ ತೂಕವಾಗಿ ಕೂತಿದೆ.

ಬೇರಿಂಗ್ ಬದಲಿಸಿದ ಮೇಲೂ ಕಾವಲು ಮುಗಿಯುವುದಿಲ್ಲ. ಎಂಜಿನ್ನಿಗೆ ಹಿಡಿಯುವುದು 8ರಿಂದ 9 ಲೀಟರ್ ಸಿಂಥೆಟಿಕ್ ಆಯಿಲ್. ಹೊಸ ಕಾರಿನ ಕೈಪಿಡಿ ಹತ್ತು ಸಾವಿರ ಮೈಲಿಗೂ ಮೀರಿದ ಅಂತರ ಹೇಳಿತ್ತು. ಹಳೆಯ ಎಂಜಿನ್ನಿಗೆ ಅದು ಹೊಂದುವುದಿಲ್ಲ. ಈ ಕಾರುಗಳನ್ನೇ ಕಸುಬು ಮಾಡಿಕೊಂಡ ಮೆಕ್ಯಾನಿಕ್ಕುಗಳು 5 ಸಾವಿರ ಮೈಲಿಗೆ, ಇಲ್ಲವೇ ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ. ಪ್ರತಿ ಸಲವೂ ಫಿಲ್ಟರಿನ ಮಡಿಕೆ ಬಿಡಿಸುವ ಶಾಸ್ತ್ರ ಇದ್ದೇ ಇದೆ.

ನೀರಿನ ದಾರಿ

ಬಾಕ್ಸ್‌ಸ್ಟರಿನ ಎಂಜಿನ್ ನಡುವಿನಲ್ಲಿ, ರೇಡಿಯೇಟರುಗಳು ಮೂತಿಯ ಎರಡು ಮೂಲೆಗಳಲ್ಲಿ. ಕೂಲೆಂಟ್ ಕಾರಿನ ಹೊಟ್ಟೆಯ ಕೆಳಗಿನ ಉದ್ದನೆಯ ಕೊಳವೆಗಳಲ್ಲಿ ಮುಂದೆ ಹೋಗಿ, ತಣ್ಣಗಾಗಿ ಹಿಂದೆ ಬರಬೇಕು. ಮೂತಿಯ ಬಾಯಿಯಿಂದ ಗಾಳಿಯ ಜೊತೆ ನುಗ್ಗುವ ತರಗೆಲೆ, ಹುಳು, ಪ್ಲಾಸ್ಟಿಕ್ ಚೂರೆಲ್ಲ ರೇಡಿಯೇಟರಿನ ಮುಂದೆ ಸೇರಿ ಹಕ್ಕಿಯ ಗೂಡಿನಂತಾಗುತ್ತದೆ. ಅಲ್ಲಿ ತೇವ ನಿಂತು ಎಸಿಯ ಕಂಡೆನ್ಸರ್ ತುಕ್ಕು ಹಿಡಿದು ತೂತಾಗುತ್ತದೆ. ವರ್ಷಕ್ಕೊಮ್ಮೆ ಮುಂದಿನ ಬಂಪರ್ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಸ್ವಚ್ಛ ಮಾಡಿದರೆ ಅರ್ಧ ದಿನದ ಕೆಲಸ. ಮಾಡದಿದ್ದರೆ ಎಸಿ ಹೋಗುತ್ತದೆ, ಕೊನೆಗೆ ಎಂಜಿನ್ ಕಾಯುತ್ತದೆ.

ವಾಟರ್ ಪಂಪಿನ ಕಥೆ ಇನ್ನೂ ಸೂಕ್ಷ್ಮ. ಅದರೊಳಗಿನ ಫ್ಯಾನಿನಂಥ ಚಕ್ರ ಪ್ಲಾಸ್ಟಿಕ್ಕಿನದು. ಹಳೆಯದಾದಾಗ ಅದರ ರೆಕ್ಕೆಗಳು ಮುರಿಯುತ್ತವೆ. ಮುರಿದ ಚೂರುಗಳು ಕೂಲೆಂಟಿನ ಜೊತೆ ಎಂಜಿನ್ನಿನ ಸಣ್ಣ ಕಾಲುವೆಗಳಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಹೊಸ ಪಂಪು ಹಾಕಿದರೂ ಆ ಚೂರುಗಳು ಅಲ್ಲೇ ಉಳಿದಿರುತ್ತವೆ. ಅದಕ್ಕೇ ಪಂಪು ಸೋರಲಿ, ಸದ್ದು ಮಾಡಲಿ ಎಂದು ಕಾಯದೆ ಸುಮಾರು 60 ಸಾವಿರ ಮೈಲಿಗೊಮ್ಮೆ, ಥರ್ಮೋಸ್ಟಾಟ್ ಮತ್ತು ಹೊಸ ಕೂಲೆಂಟಿನ ಸಮೇತ ಬದಲಿಸುವುದು ಬುದ್ಧಿವಂತಿಕೆ. ಹಿಂದಿನ ಡಿಕ್ಕಿಯ ಪಕ್ಕ ಕೂತಿರುವ ಪ್ಲಾಸ್ಟಿಕ್ಕಿನ ಕೂಲೆಂಟ್ ತೊಟ್ಟಿಯೂ ವಯಸ್ಸಿಗೆ ಬಿರುಕು ಬಿಡುವಂಥದ್ದು. ಡಿಕ್ಕಿಯ ಕಂಬಳಿಯನ್ನು ಎತ್ತಿ ಬೆರಳಿಟ್ಟು ನೋಡಿ. ಒದ್ದೆಯಿದ್ದು ಸಿಹಿ ವಾಸನೆ ಬಂದರೆ ತೊಟ್ಟಿಗೆ ಕಾಲ ಬಂದಿದೆ.

ಅಗ್ಗದ ಭಾಗ ದುಬಾರಿ ಭಾಗವನ್ನು ಕಾಯುವ ಇನ್ನೊಂದು ಉದಾಹರಣೆ ಏರ್ ಆಯಿಲ್ ಸೆಪರೇಟರ್. ಎಂಜಿನ್ನಿನೊಳಗೆ ಏಳುವ ಆವಿಯಿಂದ ಎಣ್ಣೆಯನ್ನು ಬೇರ್ಪಡಿಸಿ, ಬರಿಯ ಆವಿಯನ್ನು ಉರಿಯಲು ಕಳಿಸುವುದು ಅದರ ಕೆಲಸ. ಒಳಗಿನ ರಬ್ಬರ್ ಪೊರೆ ಹರಿದರೆ ಎಂಜಿನ್ ಎಣ್ಣೆಯನ್ನೇ ಹೀರತೊಡಗುತ್ತದೆ. ಒಂದು ಬೆಳಿಗ್ಗೆ ಕೀಲಿ ತಿರುಗಿಸಿದಾಗ ಸೈಲೆನ್ಸರಿನಿಂದ ಬೀದಿ ತುಂಬುವಷ್ಟು ಬಿಳಿ ಹೊಗೆ ಎದ್ದರೆ ಹೆಚ್ಚಾಗಿ ಇದೇ ಕಾರಣ. ಮುನ್ಸೂಚನೆ ಬೇಕೆಂದರೆ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಲು ಯತ್ನಿಸಿ. ಯಾರೋ ಒಳಗಿನಿಂದ ಎಳೆದು ಹಿಡಿದಂತೆ ಮುಚ್ಚಳ ಬರಲು ಹಟ ಮಾಡಿದರೆ ಪೊರೆ ಸೋತಿದೆ ಎಂದೇ ಅನುಮಾನಿಸಬೇಕು.

ಹೆಂಚು ಕೈಯಾಡಿಸುವ ಹೊತ್ತು

ತೀರ್ಥಹಳ್ಳಿಯ ಕಡೆ ನಮ್ಮದು ಮಂಗಳೂರು ಹೆಂಚಿನ ಮನೆ. ಮೇ ತಿಂಗಳ ಕೊನೆಗೆ ಅಪ್ಪಯ್ಯ ಏಣಿ ಹಾಕಿ ಮಾಡು ಹತ್ತುತ್ತಿದ್ದರು. ಒಡೆದ ಹೆಂಚು ತೆಗೆದು ಬೇರೆ ಇಡುವುದು, ಜಾರಿದ್ದನ್ನು ಸರಿಯಾಗಿ ಕೂರಿಸುವುದು, ಮಾಡಿನ ನೀರು ಹರಿದುಹೋಗುವ ದೋಣಿಯಲ್ಲಿ ತುಂಬಿದ ಹಲಸಿನ ಎಲೆಯನ್ನು ಬಾಚಿ ಕೆಳಗೆ ಹಾಕುವುದು. ಹೆಂಚು ಕೈಯಾಡಿಸುವುದು ಎಂದು ಅದಕ್ಕೆ ಹೆಸರು. "ಸೋರಿದ ಮೇಲೆ ಮಾಡು ಹತ್ತಬಾರದು ಕಣೋ, ಒದ್ದೆ ಹೆಂಚಿನ ಮೇಲೆ ಕಾಲು ನಿಲ್ಲಲ್ಲ" ಎನ್ನುತ್ತಿದ್ದರು. ಮಳೆ ಬರುವ ಮುಂಚಿನ ಅರ್ಧ ದಿನದ ಆ ಕೆಲಸದಿಂದಲೇ ತೊಲೆ, ರೀಪು, ಗೋಡೆ ಎಲ್ಲ ಒಣಗಿ ಉಳಿಯುತ್ತಿದ್ದವು.

ಬಾಕ್ಸ್‌ಸ್ಟರಿಗೂ ಇಂಥ ದೋಣಿ ಉಂಟು. ಬಟ್ಟೆಯ ಚಾವಣಿ ಮಡಿಚಿ ಕೂರುವ ಜಾಗದಲ್ಲಿ, ಬಾಗಿಲಿನ ಹಿಂದೆ, ಎಡಕ್ಕೂ ಬಲಕ್ಕೂ ನೀರು ಇಳಿದುಹೋಗುವ ತೂತುಗಳಿವೆ. ಅವು ಕಟ್ಟಿಕೊಂಡರೆ ಚಾವಣಿಯ ಮೇಲೆ ಬಿದ್ದ ಮಳೆನೀರು ಕಾರಿನೊಳಕ್ಕೆ ಇಳಿಯುತ್ತದೆ. ಚಾಲಕನ ಸೀಟಿನ ಕೆಳಗೆ, ಕಂಬಳಿಯ ಮಟ್ಟದಲ್ಲೇ, ಕೀಲಿಯನ್ನು ಗುರುತಿಸಿ ಎಂಜಿನ್ನಿಗೆ ಅಪ್ಪಣೆ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ. ಅದಕ್ಕೆ ನೀರು ಹೊಕ್ಕರೆ ಕಾರು ಮಾಲೀಕನನ್ನೇ ಗುರುತಿಸದೆ ನಿಂತುಬಿಡುತ್ತದೆ. ಒಂದು ಹಿಡಿ ಎಲೆಗೆ ತೆರುವ ದಂಡ ಅದು.

ಕಾರು ತಂದ ಮೊದಲ ಶರತ್ಕಾಲದಲ್ಲಿ ನಾನು ಈ ತೂತುಗಳನ್ನು ನೋಡಿರಲಿಲ್ಲ. ಒಂದು ರಾತ್ರಿಯ ಮಳೆಯ ನಂತರ ಕಾಲ ಕೆಳಗಿನ ಕಂಬಳಿ ಒತ್ತಿದರೆ ನೀರು ಜಿನುಗಿತು. ಪುಣ್ಯಕ್ಕೆ ಪೆಟ್ಟಿಗೆಗೆ ನೀರು ಮುಟ್ಟಿರಲಿಲ್ಲ. ಚಾವಣಿಯನ್ನು ಅರ್ಧ ತೆರೆದು ತೂತಿಗೆ ಬೆರಳು ಹಾಕಿದೆ. ಓಕ್ ಮರದ ಎಲೆ ಕೊಳೆತು ಕರಿಗೊಬ್ಬರವಾಗಿತ್ತು. ಅದರಲ್ಲಿ ಒಂದು ಓಕ್ ಬೀಜ ಮೊಳಕೆ ಒಡೆದು ಬಿಳಿಯ ಬೇರು ಬಿಟ್ಟಿತ್ತು. ಬೀಜವನ್ನು ಕುಂಡಕ್ಕೆ ಹಾಕಿ, ತೂತಿಗೆ ಮೆತ್ತನೆಯ ಪ್ಲಾಸ್ಟಿಕ್ ತಂತಿ ಆಡಿಸಿ, ಮಗ್ಗಿನಿಂದ ನೀರು ಹೊಯ್ದೆ. ಚಕ್ರದ ಹತ್ತಿರ ನೆಲಕ್ಕೆ ನೀರು ಸುರಿಯುವ ಸದ್ದು ಕೇಳಿದಾಗ ಅಪ್ಪಯ್ಯನ ಮಾಡು ನೆನಪಾಯಿತು. ಅಂದಿನಿಂದ ಎಲೆ ಉದುರುವ ಮೊದಲೊಮ್ಮೆ, ಉದುರಿ ಮುಗಿದ ಮೇಲೊಮ್ಮೆ ಆ ಕೆಲಸ ತಪ್ಪಿಸಿಲ್ಲ. ನನ್ನ ಕಾರಿನ ಹಿಂದಿನ ಕಿಟಕಿ ಪಾರದರ್ಶಕ ಪ್ಲಾಸ್ಟಿಕ್ಕಿನದು, ಗಾಜು ಬಂದಿದ್ದು 2003ರ ಮಾದರಿಗೆ. ಚಳಿಯಲ್ಲಿ ಚಾವಣಿ ಮಡಿಚಿದರೆ ಈ ಪ್ಲಾಸ್ಟಿಕ್ ಬಿರಿಯುತ್ತದೆ. ಅದಕ್ಕೇ ಮಡಿಕೆ ಬೀಳುವ ಜಾಗದಲ್ಲಿ ಸುತ್ತಿದ ಟವೆಲ್ ಇಡುತ್ತೇನೆ.

ರಬ್ಬರಿಗೆ ಮೈಲಿ ಗೊತ್ತಿಲ್ಲ

ಹಳೆಯ ಕಾರನ್ನು ಮೈಲಿಯ ಲೆಕ್ಕದಲ್ಲಿ ಮಾತ್ರ ನೋಡುವುದು ದೊಡ್ಡ ತಪ್ಪು. ಲೋಹ ಓಟಕ್ಕೆ ಸವೆಯುತ್ತದೆ; ರಬ್ಬರು, ಪ್ಲಾಸ್ಟಿಕ್ಕು, ದ್ರವಗಳು ಕಾಲಕ್ಕೆ ಸವೆಯುತ್ತವೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಒಂದು ಗುರುತಿರುತ್ತದೆ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೈಮೇಲಿನ ಗೆರೆಗಳು ಎಷ್ಟೇ ಆಳವಾಗಿರಲಿ, ಅಷ್ಟು ಹಳೆಯ ಟೈರು ಗಟ್ಟಿಯಾಗಿ ಒದ್ದೆ ರಸ್ತೆಯ ತಿರುವಿನಲ್ಲಿ ಹಿಡಿತ ಬಿಡುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ; ತೇವ ಸೇರಿದ ದ್ರವ ಬೇಗ ಕುದಿದು, ಘಾಟಿ ಇಳಿಯುವಾಗ ಪೆಡಲು ಮೆತ್ತಗಾಗುತ್ತದೆ. ಓಡಿಸಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಎಂಜಿನ್ನಿನ ಎಲ್ಲ ಪುಲಿಗಳನ್ನು ತಿರುಗಿಸುವ ಉದ್ದನೆಯ ಬೆಲ್ಟನ್ನು ಬಗ್ಗಿಸಿ ನೋಡಿದಾಗ ಅಡ್ಡ ಬಿರುಕು ಕಂಡರೆ ಮತ್ತೆ ಯೋಚಿಸುವುದೇನಿಲ್ಲ. ಇಗ್ನಿಷನ್ ಕಾಯಿಲುಗಳು ಎಂಜಿನ್ನಿನ ಎರಡು ಬದಿಯಲ್ಲಿ ನೆಲಕ್ಕೆ ಹತ್ತಿರ ಕೂತಿವೆ. ಬಿಸಿಗೆ ಅವುಗಳ ಮೈ ಬಿರಿದರೆ ಮಳೆಯ ಬೆಳಿಗ್ಗೆ ಎಂಜಿನ್ ಮುಗ್ಗರಿಸುತ್ತದೆ. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಹೋದರೆ ಹಂಪಿನ ಮೇಲೆ ಟಕ್ ಎನ್ನುವ ಸದ್ದು. ಒಂದೊಂದೂ ಸಣ್ಣದು. ಆದರೆ ಸ್ಪೋರ್ಟ್ಸ್ ಕಾರು ಎನ್ನುವುದೇ ಈ ಸಣ್ಣವುಗಳ ಬಿಗುವಿನಿಂದ. ಅವು ಸಡಿಲಾದರೆ ಉಳಿಯುವುದು ಇಬ್ಬರೇ ಕೂರಬಹುದಾದ ಒಂದು ಹಳೆಯ ಕಾರು.

ಕೆಲಸಕ್ಕೂ ಒಂದು ವರಸೆ ಇದೆ. ಮೊದಲು ಪ್ರಾಣ ಕಾಯುವವು: ಟೈರು, ಬ್ರೇಕು, ಸ್ಟಿಯರಿಂಗಿನ ಕೀಲುಗಳು. ಎರಡನೆಯದು ಎಂಜಿನ್ ಕಾಯುವವು: ಆಯಿಲ್, ಕೂಲೆಂಟ್, ಪಂಪು, ಬೇರಿಂಗ್. ಮೂರನೆಯದು ದಾರಿಯಲ್ಲಿ ನಿಲ್ಲಿಸುವವು: ಬ್ಯಾಟರಿ, ಬೆಲ್ಟು, ಕಾಯಿಲು. ಬಣ್ಣ, ಸೀಟಿನ ಚರ್ಮ, ಮ್ಯೂಸಿಕ್ ಸಿಸ್ಟಂ ಎಲ್ಲ ಕೊನೆಗೆ. ಕಾರಿನ ಕೆಳಗೆ ತೂರುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಬರಿಯ ಜಾಕ್ ನಂಬಿ ಎಂದೂ ಮಲಗಬೇಡಿ. ನಾಲ್ಕು ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಕೈಯಿಂದ ಅಲ್ಲಾಡಿಸಿ ನೋಡಿದ ಮೇಲೆಯೇ ತಲೆ ಒಳಗಿಡಬೇಕು.

ಈ ಲೆಕ್ಕ ಬಾಕ್ಸ್‌ಸ್ಟರಿಗೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನಲ್ಲಿ ಹಳೆಯ ಹೋಂಡಾ ಸಿಟಿ ವಿಟೆಕ್, ಫಿಯಟ್ ಪಾಲಿಯೊ 1.6, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರುಗಳನ್ನು ಮಕ್ಕಳಂತೆ ಸಾಕುತ್ತಿರುವವರಿದ್ದಾರೆ. ಅವರ ಕಷ್ಟ ನನ್ನದಕ್ಕಿಂತ ದೊಡ್ಡದು. ನನಗೆ ಭಾಗಗಳು ದುಬಾರಿ, ಅವರಿಗೆ ಭಾಗಗಳೇ ಸಿಗುವುದಿಲ್ಲ. ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆದು ಒಂದು ಸೀಲು, ಒಂದು ಹೋಸ್ ಹುಡುಕುವವರಿಗೆ ಮುಂಜಾಗ್ರತೆಯೇ ಆಸ್ತಿ. ಭಾಗ ಕೆಡುವ ಮುಂಚೆ ಹುಡುಕಿದರೆ ಆಯ್ಕೆ ಮಾಡಿ ತರಬಹುದು. ಕೆಟ್ಟ ಮೇಲೆ ಹುಡುಕಿದರೆ ಸಿಕ್ಕಿದ್ದನ್ನು ಹಾಕಿಸಿಕೊಳ್ಳಬೇಕು.

ಇಷ್ಟೆಲ್ಲ ಪಾಡು ಏಕೆ ಎಂದು ಮನೆಯವರೂ ಕೇಳಿದ್ದಾರೆ. ಅಕ್ಟೋಬರಿನ ಒಂದು ಮುಂಜಾನೆ ಚಾವಣಿ ತೆರೆದು, ಹೀಟರ್ ಕಾಲಿಗೆ ಹಾಕಿಕೊಂಡು, ಹಳದಿ ಎಲೆ ಹಾಸಿದ ಹಳ್ಳಿ ದಾರಿಯಲ್ಲಿ ಹೊರಟರೆ ಉತ್ತರ ಸಿಗುತ್ತದೆ. ಎಂಜಿನ್ನಿನ ಭಾರ ನಡುವಿನಲ್ಲಿರುವುದರಿಂದ ಕಾರು ತಿರುವಿಗೆ ಬಗ್ಗುವುದೇ ಬೇರೆ ರೀತಿ. ರಸ್ತೆಯ ಪ್ರತಿ ಉಬ್ಬುತಗ್ಗು ಸ್ಟಿಯರಿಂಗಿನ ಮೂಲಕ ಅಂಗೈಗೆ ಬರುತ್ತದೆ. ನಾಲ್ಕು ಸಾವಿರ ಸುತ್ತು ದಾಟಿದಾಗ ಕಿವಿಯ ಹಿಂದೆ ಏಳುವ ಆ ಸ್ವರಕ್ಕೆ ಮೈ ನವಿರೇಳುತ್ತದೆ. ಒಳಗೆ ಯಾವ ಚೈನು ಎಲ್ಲಿ ಓಡುತ್ತಿದೆ, ಯಾವ ನೀರು ಎಲ್ಲಿ ಹರಿಯುತ್ತಿದೆ ಎಂದು ಗೊತ್ತಿದ್ದು ಆ ಸ್ವರ ಕೇಳುವ ನೆಮ್ಮದಿ, ಹೊಸ ಕಾರಿನ ಮಾಲೀಕನಿಗೂ ಸಿಗಲಿಕ್ಕಿಲ್ಲ.

ಕಳೆದ ವಾರದ ಫಿಲ್ಟರಿನ ಮಡಿಕೆಗಳನ್ನು ಕೊನೆಯವರೆಗೂ ಬಿಡಿಸಿದೆ. ಅಯಸ್ಕಾಂತಕ್ಕೆ ಏನೂ ಅಂಟಲಿಲ್ಲ. ಹಿಂದಿನ ಮಾಲೀಕರ ಅದೇ ರಟ್ಟಿನ ಕಡತ ತೆಗೆದು, ಅವರ ದುಂಡನೆಯ ಅಕ್ಷರಗಳು ಮುಗಿದು ನನ್ನವು ಶುರುವಾಗುವ ಪುಟದಿಂದ ಮುಂದೆ ತಿರುವಿ, ತಾರೀಕು, ಮೈಲಿ, ಆಯಿಲ್ಲಿನ ಹೆಸರು ಬರೆದೆ. ಕೆಳಗೆ ಇನ್ನೂ ಅರ್ಧ ಪುಟ ಖಾಲಿ ಇತ್ತು.